ಕೂಲಿ ಸೇರು

ಬಿ.ಕಾಂ. ಮೊದಲ ದರ್ಜೆ, ಕಿವಿಯ ಮೇಲೊಂದು ಪೆನ್ಸಿಲ್ಲು,
ಇಪ್ಪತ್ತೊಂದರ ಸೊಕ್ಕು.
ದಾವಣಗೆರೆಯ ರೈಲು ಹಳಿಯಾಚೆ, ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಪೀರಾನ್ ಸಾಬರ ಹತ್ತಿರ ಲೆಕ್ಕ ಬರೆಯಲು ಸೇರಿದೆ.
ಅಲ್ಲಿ ಬೆಳ್ಳಗಿದ್ದದ್ದು ಎರಡೇ:
ಮಂಡಕ್ಕಿ, ಮತ್ತು ಬೆಳಿಗ್ಗೆ ಬರುವಾಗಿನ ನನ್ನ ಅಂಗಿ.

ನೆನೆದ ಭತ್ತ, ಬೆಂದ ಭತ್ತ, ಒಣಗಿ ಅಕ್ಕಿಯಾದ ಭತ್ತ
ಕಾದ ಮರಳಿಗೆ ಬಿದ್ದು ಒಂದೇ ಉಸಿರಿಗೆ ಅರಳುವಾಗ
ಎಷ್ಟು ಕಾಳಿಗೆ ಎಷ್ಟು ಅರಳು, ನನ್ನಲ್ಲಿ ಸೂತ್ರವಿತ್ತು.
ಗಾಳಿಗೆ ಹಾರಿದ್ದು ಕಳೆದೆ,
ಜರಡಿಯಲ್ಲಿ ಉಳಿದ ಕರಿಕಾಳು ಕಳೆದೆ,
ಗುಬ್ಬಿಗಳ ಬಾಬತ್ತು ಅರ್ಧ ಸೇರು, ಅದನ್ನೂ ಬಿಡಲಿಲ್ಲ.
ಆದರೂ ದಿನಕ್ಕೆ ಮೂರು ಸೇರು
ಪುಸ್ತಕದಿಂದ ಎದ್ದು ಎಲ್ಲಿಗೋ ಹೋಗುತ್ತಿತ್ತು.

ಹನ್ನೊಂದು ದಿನ ಬೆನ್ನು ಹತ್ತಿದೆ. ಸಿಕ್ಕಿತು.
ಸಂಜೆ ಹನ್ನೆರಡು ಹೆಂಗಸರು ಸೆರಗೊಡ್ಡಿ ನಿಲ್ಲುತ್ತಿದ್ದರು,
ನಗದು ಕೂಲಿಯ ಮೇಲೆ ತಲೆಗೊಂದು ಸೇರು ಮಂಡಕ್ಕಿ.
ಆ ಹಿತ್ತಾಳೆಯ ಸೇರು ಬಸುರಿಯ ಹಾಗೆ
ನಡುವಿಗೆ ಉಬ್ಬಿತ್ತು. ನೀರು ತುಂಬಿ ಅಳೆದೆ:
ಒಂದೂಕಾಲು.
ಹನ್ನೆರಡು ಕಾಲು ಮೂರು.

ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಪೂರಾ ಬಿಡಿಸಿ ತೋರಿಸಿದೆ,
ತಿಂಗಳಿಗೆ, ವರ್ಷಕ್ಕೆ, ಹತ್ತು ವರ್ಷಕ್ಕೆ.
ಸಾಬರು ಕೊನೆಯ ಸೊನ್ನೆಯವರೆಗೂ ಓದಿದರು.
ಕಿವಿಯ ಮೇಲಿನ ಬೀಡಿ ತೆಗೆದು, ಹಚ್ಚದೆ, ಮತ್ತೆ ಅಲ್ಲೇ ಸಿಕ್ಕಿಸಿದರು.
“ಲೆಕ್ಕ ಸರಿ ಐತಪ್ಪಾ.
ಈಗ ಇದನ್ನ ಎಲ್ಲಿ ಇಡ್ತಿ?”

ಖರ್ಚಿನ ಕಾಲಮ್ಮಿಗೆ, ಅಂದುಕೊಂಡೆ ನಾನು.
ಮರುದಿನವೇ ಚೌಕಿಪೇಟೆಯಿಂದ ತಗಡಿನ ಹೊಸ ಸೇರು ತಂದೆ,
ಮಗ್ಗುಲಿಗೆ ಪಟ್ಟಿ ಹಿಡಿದರೆ ಎಳೆಯಷ್ಟೂ ಬೆಳಕು ನುಗ್ಗದಂಥದ್ದು.
ಯಾರೂ ಏನೂ ಅನ್ನಲಿಲ್ಲ. ಹಾಲಮ್ಮ ಮಾತ್ರ
ಅದರ ನಡುವಿಗೆ ಹೆಬ್ಬೆರಳು ಒತ್ತಿ,
ತನ್ನೂರಲ್ಲೇ ದಾರಿ ತಪ್ಪಿದವಳ ಹಾಗೆ ಒಂದು ಗಳಿಗೆ ನಿಂತು,
ಸೆರಗು ಗಂಟು ಹಾಕಿಕೊಂಡು ಹೋದಳು.
ಗಂಟು ಚಿಕ್ಕದಾಗಿತ್ತು. ಅದನ್ನು ಅಳೆಯಲು
ನನಗೆ ನೀರು ಬೇಕಾಗಲಿಲ್ಲ.

ಮಳೆಗಾಲಕ್ಕೆ ಮುಂಚೆ ಹೊಟ್ಟಿನ ಕೋಣೆ ಗುಡಿಸುವಾಗ
ಹಳೆಯ ಸೇರು ಕಾಲಿಗೆ ತಾಗಿತು.
ಬಿಸಿಲಿಗೆ ಹಿಡಿದು ಒಳಗೆ ಇಣುಕಿದೆ:
ಸುತ್ತಲೂ ಸಣ್ಣ ಸಣ್ಣ ಪೆಟ್ಟು, ಮೀನಿನ ಹುರುಪೆಯ ಹಾಗೆ
ಒಂದರ ಮಗ್ಗುಲಿಗೆ ಒಂದು.
ಬಿದ್ದು ಉಬ್ಬಿದ್ದಲ್ಲ ಅದು. ಯಾರೋ ಪುರುಸೊತ್ತು ಮಾಡಿಕೊಂಡು
ಒಳಗಿನಿಂದ ಹೊಡೆದದ್ದು.
ಮೊಳೆಗೆ ತೂಗುತ್ತಿದ್ದ ಸಾಬರ ಗುಂಡುಸುತ್ತಿಗೆಯ ಮೂತಿ
ಪ್ರತಿ ಗುರುತಿಗೂ ಕೂತಿತು.

ಮರಳಿನ ಬಾಣಲೆ ಮಗುಚಿ ಹಾಲಮ್ಮನ ಗಂಡ ಸತ್ತ ವರ್ಷ
ಸಾಬರು ನೋಟಿನ ಕಟ್ಟು ಹಿಡಿದು ಅವಳ ಮನೆಗೆ ಹೋಗಿದ್ದರಂತೆ.
“ದುಡಿದದ್ದು ಕೊಡು, ಸಾಕು” ಅಂದು ಬಾಗಿಲು ಮುಂದೆ ಮಾಡಿದಳಂತೆ.
ಒಬ್ಬಳಿಗೆಂದು ಉಬ್ಬಿಸಿದ್ದು
ಹನ್ನೆರಡು ಸೆರಗಿಗೂ ಉಬ್ಬಿತ್ತು.
ಅವಳಿಗೆ ಗೊತ್ತಿತ್ತೇ?
ಆ ಹೆಬ್ಬೆರಳನ್ನು ಕೇಳಬೇಕು.

ಹಳೆಯದನ್ನು ಮರಳಿ ಇಡುವುದೆಂದರೆ ಎಲ್ಲರೆದುರು ಬಾಯಿ ಬಿಟ್ಟಂತೆ.
ಆ ರಾತ್ರಿ ನಾನೂ ಸುತ್ತಿಗೆ ಇಳಿಸಿಕೊಂಡೆ,
ಹೊಸ ಸೇರನ್ನೇ ತೊಡೆಗಿಟ್ಟು ಬಡಿದೆ, ಹೊರಗಿನಿಂದ.
ಮರುದಿನ ಸಂಜೆ ಹಾಲಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ
“ತಮ್ಮಾ, ಇದು ಇನ್ನೂ ಕಮ್ಮಿ ಹಿಡೀತೈತಲ್ಲೋ” ಅಂದಳು.
ಹನ್ನೆರಡೂ ಜನ ನಕ್ಕರು.
ಭಟ್ಟಿಯ ಬಾಯಿಗೆ ಹೊಟ್ಟು ತುಂಬುತ್ತಿದ್ದ ಸಾಬರ
ಬೆನ್ನು ಮಾತ್ರ ಕುಲುಕುತ್ತಿತ್ತು.

ಗೋಡೆಯ ಲೆಕ್ಕವನ್ನು ಯಾರೂ ಒರೆಸಲಿಲ್ಲ.
ಹೊಗೆಯೇ ಬಂದು ಒಂದೊಂದಾಗಿ ಅಂಕಿ ಎತ್ತಿಕೊಂಡಿತು:
ಮೊದಲು ಹತ್ತು ವರ್ಷ ಹೋಯಿತು,
ಆಮೇಲೆ ವರ್ಷ, ಆಮೇಲೆ ತಿಂಗಳು.
ಮೂರು ಅನ್ನುವುದೊಂದು ಬಹಳ ದಿನ ಉಳಿದಿತ್ತು,
ಎಲ್ಲಿ ಇಡ್ತಿ, ಎಲ್ಲಿ ಇಡ್ತಿ ಎಂದು ಕೇಳುತ್ತ.